ಹಳದಿ ಚೀಲಕ್ಕೆ ಸೇರಬಾರದಿದ್ದ ಕಸ

ಕೋವಿಡ್ ಕಾಲದ ವೈದ್ಯಕೀಯ ತ್ಯಾಜ್ಯದ ಕುರಿತು ಬಂದ ಅಧ್ಯಯನಗಳನ್ನು ಓದುವಾಗ ಮೊದಲು ಎದುರಾಗುವುದು ಕಸದ ತೂಕ. ವುಹಾನ್ ನಗರದಲ್ಲಿ ದಿನಕ್ಕೆ ಸುಮಾರು 40 ಟನ್ ಇದ್ದ ಆಸ್ಪತ್ರೆ ಕಸ 2020ರ ಆರಂಭದ ತಿಂಗಳುಗಳಲ್ಲಿ 240 ಟನ್ನಿನ ಹತ್ತಿರಕ್ಕೆ ಏರಿತು. ನಮ್ಮ ದೇಶದಲ್ಲಿ ಎರಡನೇ ಅಲೆ ಉಕ್ಕಿದ 2021ರ ಮೇ ತಿಂಗಳಲ್ಲಿ ಕೋವಿಡ್ ಕಸವೇ ದಿನಕ್ಕೆ ಸರಾಸರಿ 200 ಟನ್ ಮುಟ್ಟಿತ್ತು. ಈ ತೂಕದಲ್ಲಿ ನಿಜವಾಗಿ ಸೋಂಕು ತಗುಲಿದ್ದೆಷ್ಟು, ಭಯದಿಂದ ಸೇರಿಕೊಂಡದ್ದೆಷ್ಟು ಎಂಬುದೇ ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ.

ಆಸ್ಪತ್ರೆಗಳ ಒಟ್ಟು ಕಸದಲ್ಲಿ ಅಪಾಯಕಾರಿಯಾದದ್ದು ಸುಮಾರು ಶೇ. 15 ಮಾತ್ರ, ಉಳಿದದ್ದು ಮನೆಯ ಕಸದಂಥದ್ದೇ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳದಿ, ಕೆಂಪು, ಬಿಳಿ, ನೀಲಿ ಎಂಬ ನಾಲ್ಕು ಬಣ್ಣಗಳ ವಿಂಗಡಣೆಯನ್ನು ವಿಧಿಸಿವೆ. ಹಳದಿ ಚೀಲದ ಬಹುಪಾಲು ಕಸ ಇನ್ಸಿನರೇಟರ್‌ನಲ್ಲಿ ಸುಟ್ಟುಹೋಗುತ್ತದೆ. ಕೆಂಪು ಚೀಲದ ಪ್ಲಾಸ್ಟಿಕ್ ಒತ್ತಡದ ಬಿಸಿ ಹಬೆ ತುಂಬುವ ಆಟೋಕ್ಲೇವ್‌ನಲ್ಲಿ ಸೋಂಕು ಕಳೆದುಕೊಂಡು, ಚೂರಾಗಿ, ಮರುಬಳಕೆಗೆ ಹೋಗುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮಾರ್ಚ್‌ನಲ್ಲಿ ಕೋವಿಡ್ ಕಸಕ್ಕೆಂದೇ ಮಾರ್ಗಸೂಚಿ ಹೊರಡಿಸಿ, ಜುಲೈ ಹೊತ್ತಿಗೆ ಅದನ್ನು ಹಲವು ಬಾರಿ ಪರಿಷ್ಕರಿಸಿತು. ಅದರಂತೆ ಪಿಪಿಇ ಕಿಟ್ಟನ್ನೂ ಬಿಡಿಸಿ ಹಾಕಬೇಕಿತ್ತು: ಕನ್ನಡಕ, ಫೇಸ್ ಶೀಲ್ಡ್, ನೈಟ್ರೈಲ್ ಕೈಗವಸು, ಪ್ಲಾಸ್ಟಿಕ್ ಮೇಲುಡುಗೆ ಕೆಂಪು ಚೀಲಕ್ಕೆ, ಮಾಸ್ಕ್, ತಲೆಗವಸು, ಶೂ ಕವರ್ ಹಳದಿಗೆ. ಗಂಟೆಗಟ್ಟಲೆ ಬೆವರಿನಲ್ಲಿ ತೊಯ್ದು ಪಾಳಿ ಮುಗಿಸಿ ಬಂದ ದಾದಿಯೊಬ್ಬರು, ಕಿಟ್ ಕಳಚುವ ಅತ್ಯಂತ ಅಪಾಯದ ಆ ಕ್ಷಣದಲ್ಲಿ, ಈ ವಿಂಗಡಣೆಯನ್ನೂ ತಪ್ಪಿಲ್ಲದೆ ಮಾಡಬೇಕೆಂದು ನಾವು ನಿರೀಕ್ಷಿಸಿದೆವು. ಎಲ್ಲವೂ ಹಳದಿ ಚೀಲಕ್ಕೆ ಬಿದ್ದಿದ್ದರೆ ಅದಕ್ಕೆ ಅವರನ್ನು ದೂರುವುದು ನ್ಯಾಯವಲ್ಲ. ಕಳಚುವ ಕೋಣೆಯಲ್ಲಿ ಚೀಲಗಳನ್ನು ಯಾವ ಕ್ರಮದಲ್ಲಿ ಇಡಬೇಕೆಂಬುದೂ ಸಂಶೋಧನೆಗೆ ತಕ್ಕ ವಿಷಯವೇ.

ಹಳದಿ ಚೀಲ ಉಬ್ಬಿದರೆ ಅದರ ಫಲವನ್ನು ಉಣ್ಣುವವರು ಇನ್ಸಿನರೇಟರ್ ಸುತ್ತಮುತ್ತ ವಾಸಿಸುವವರು. ಕ್ಲೋರಿನ್ ಇರುವ ಪ್ಲಾಸ್ಟಿಕ್ ಸರಿಯಾಗಿ ಉರಿಯದಿದ್ದರೆ ಡಯಾಕ್ಸಿನ್, ಫ್ಯೂರಾನ್‌ಗಳಂಥ ವಿಷಗಳು ಹುಟ್ಟುತ್ತವೆ. ಅದಕ್ಕಾಗಿಯೇ ಇನ್ಸಿನರೇಟರ್‌ನಲ್ಲಿ ಹೊಗೆಯನ್ನು ಮತ್ತೆ ಉರಿಸುವ ಎರಡನೇ ಕೋಣೆಯಲ್ಲಿ 1050 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಉಷ್ಣತೆಯನ್ನೂ, ಹೊಗೆ ಅಲ್ಲಿ ಕನಿಷ್ಠ 2 ಸೆಕೆಂಡು ನಿಲ್ಲುವುದನ್ನೂ ನಿಯಮ ಕಡ್ಡಾಯ ಮಾಡಿದೆ. ಮಿತಿಮೀರಿ ತುರುಕಿದ ಕುಲುಮೆಯಲ್ಲಿ ಇದನ್ನು ಕಾಪಾಡಿಕೊಳ್ಳುವುದು ಬಹಳ ಕಷ್ಟ.

ಇಷ್ಟಕ್ಕೂ ಈ ವೈರಸ್ಸನ್ನು ಕೊಲ್ಲಲು ಬೆಂಕಿಯೇ ಬೇಕೆಂದೇನೂ ಇರಲಿಲ್ಲ. ಕೊರೊನಾ ವೈರಸ್‌ಗೆ ಇರುವುದು ಕೊಬ್ಬಿನ ಹೊದಿಕೆ; ಸೋಪಿಗೂ ಬಿಸಿಗೂ ಅದು ಬೇಗ ಸೋಲುತ್ತದೆ. ಆಟೋಕ್ಲೇವ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸುವುದು ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳಿಂದ. ಬಿಸಿಯನ್ನು ತಡೆದುಕೊಳ್ಳುವುದರಲ್ಲಿ ಅವು ಈ ವೈರಸ್‌ಗಿಂತ ಎಷ್ಟೋ ಗಟ್ಟಿ. ಅವನ್ನು ಕೊಲ್ಲಬಲ್ಲ ಯಂತ್ರ ಕೋವಿಡ್ ಕಸಕ್ಕೆ ಧಾರಾಳವಾಗಿ ಸಾಕು.

ಕಸ ಹುಟ್ಟುವ ಮೊದಲೇ ಅದನ್ನು ತಡೆಯುವ ಮಾತು 2022ರ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ವರದಿಯಲ್ಲಿದೆ. ಆ ವೇಳೆಗೆ ಜಗತ್ತಿನಾದ್ಯಂತ ನೀಡಿದ್ದ 800 ಕೋಟಿಗೂ ಮೀರಿದ ಲಸಿಕೆಗಳಿಂದ ಸಿರಿಂಜು, ಸೂಜಿ, ಸುರಕ್ಷಾ ಪೆಟ್ಟಿಗೆಗಳ ರೂಪದಲ್ಲಿ 1,44,000 ಟನ್ ಹೆಚ್ಚುವರಿ ಕಸ ಹುಟ್ಟಿತ್ತು. ಸೂಜಿ, ಸಿರಿಂಜು ಬೇಕೇ ಬೇಕು, ಒಪ್ಪೋಣ. ಲಸಿಕೆ ಚುಚ್ಚಲು ಕೈಗವಸು ಬೇಕಿಲ್ಲವೆಂದು ಅದೇ ಸಂಸ್ಥೆ ಹೇಳುತ್ತಿದ್ದರೂ ಕೈಗವಸಿನ ಅನಗತ್ಯ ಬಳಕೆ ಎಲ್ಲೆಡೆ ನಡೆಯಿತು.

ಮನೆಗಳ ಕಸದ ಕಡೆಗೆ ಅಧ್ಯಯನಗಳು ಇನ್ನೂ ಹೆಚ್ಚು ಗಮನ ಕೊಡಬೇಕು. ಬಳಸಿದ ಮಾಸ್ಕನ್ನು ಕತ್ತರಿಸಿ, ಕಾಗದದ ಚೀಲದಲ್ಲಿ 72 ಗಂಟೆ ಇಟ್ಟು, ಆಮೇಲೆ ಕೊಡಬೇಕೆಂದು ಮಾರ್ಗಸೂಚಿ ಹೇಳಿತ್ತು. ಬೆಂಗಳೂರಿನಲ್ಲಿ ಸ್ಯಾನಿಟರಿ ಕಸವನ್ನು ಕಾಗದದಲ್ಲಿ ಸುತ್ತಿ, ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡುವ ಪದ್ಧತಿ ಮೊದಲೇ ಇತ್ತು. ಅದನ್ನು ಪಾಲಿಸಿದ ಬೀದಿಗಳಲ್ಲಿ ಪೌರಕಾರ್ಮಿಕರಿಗೆ ಬಂದ ಕಸ ಹೇಗಿತ್ತು, ಪಾಲಿಸದ ಬೀದಿಗಳಲ್ಲಿ ಹೇಗಿತ್ತು ಎಂಬುದನ್ನು ವಾರ್ಡುವಾರು ಅಳೆಯುವ ಕೆಲಸವನ್ನು ಯಾವುದಾದರೂ ವಿಶ್ವವಿದ್ಯಾಲಯ ಕೈಗೆತ್ತಿಕೊಂಡು, ದಿನವೂ ಆ ಕಸವನ್ನು ಮುಟ್ಟುವವರನ್ನೇ ಮೊದಲು ಮಾತನಾಡಿಸಬೇಕೆಂಬುದು ನನ್ನ ಬಲವಾದ ಆಸೆ.