ಕೊಳದ ದಂಡೆ, ಎಂಟನೇ ವಾರ: ಖಾಲಿ ಬಿಟ್ಟ ಮನೆಗಳು

ಕೊಳದ ದಂಡೆಯಲ್ಲಿ ವಾರವಾರವೂ ಏನೇನು ಕಂಡಿತು ಅಂತ ಎಣಿಸಿ ಬರೆದಿಟ್ಟ ಎಂಟು ವಾರದ ಪುಟಗಳನ್ನು ನೆಲದ ಮೇಲೆ ಹರಡಿಕೊಂಡು ಕೂತಾಗ ಗೊತ್ತಾಯಿತು, ಮೊದಲ ಮೂರು ವಾರದ ಕೆಲಸ ಅರ್ಧಕ್ಕರ್ಧ ದಂಡ. ಪಟ್ಟಿಯಲ್ಲಿ ಗೊದಮೊಟ್ಟೆ ಅಂತ ಒಂದು ಸಾಲಿದೆ, ಸಾಲಿನಲ್ಲಿ ವಾರಕ್ಕೊಂದು ಮನೆ. ಎರಡನೇ ವಾರದ ಮನೆ ಖಾಲಿ. ಅವತ್ತು ಹುಡುಕಿದರೂ ಸಿಗಲಿಲ್ಲವೋ, ಹುಡುಕಲೇ ಇಲ್ಲವೋ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ನಾಲ್ಕನೇ ವಾರದಿಂದ ಕ್ರಮ ಬದಲಾಗಿದೆ: ಹುಡುಕಿ ಸಿಗದಿದ್ದರೆ 0, ನೋಡದೇ ಇದ್ದರೆ ಅಡ್ಡಗೀಟು. ಖಾಲಿ ಬಿಡುವಂತಿಲ್ಲ.

ಜಾಗದ ಏರ್ಪಾಡು ಹಳೆಯದೇ. ನೀರಿನಂಚಿನಿಂದ ಮರಗಳ ನೆರಳಿನವರೆಗೆ 20 ಮೀಟರ್ ದಾರ, ಪ್ರತಿ 4 ಮೀಟರಿಗೆ ಒಂದು ಗೂಟ, ಗೂಟದ ಪಕ್ಕ ಒಂದು ಮೀಟರಿನ ಚೌಕ. ಒಟ್ಟು ಆರು. ಭಾನುವಾರ ಬೆಳಿಗ್ಗೆ 7ಕ್ಕೆ ಶುರು, ಚೌಕಕ್ಕೆ ಹತ್ತೇ ನಿಮಿಷ. ಮೊದಲು ಈ ಗಡಿಯಾರ ಇರಲಿಲ್ಲ. ಜೊಂಡಿನ ಚೌಕದಲ್ಲಿ ಅರ್ಧ ಗಂಟೆ ಕಳೆದು, ಬರೀ ಹುಲ್ಲಿನ ಚೌಕವನ್ನು ಎರಡೇ ನಿಮಿಷದಲ್ಲಿ ಮುಗಿಸುತ್ತಿದ್ದೆ. ಆಮೇಲೆ ಜೊಂಡಿನಲ್ಲೇ ಹುಳ ಜಾಸ್ತಿ ಅಂತ ಬರೆದುಕೊಳ್ಳುತ್ತಿದ್ದೆ. ಇರದೇ ಏನು!

ನೀರು ಒಂದೂವರೆ ಮೀಟರ್ ಹಿಂದೆ ಸರಿದಿದೆ. ಮೊದಲ ಗೂಟ ಈಗ ಒಣ ಕೆಸರಿನಲ್ಲಿ ನಿಂತಿದೆ. ಕಿತ್ತು ಮುಂದೆ ನೆಡೋಣ ಅನ್ನಿಸಿತು, ಆದರೆ ಬಿಟ್ಟೆ. ಗೂಟ ಅಲ್ಲೇ ಇದ್ದರೆ ತಾನೇ ನೀರು ಎಷ್ಟು ಸರಿಯಿತು ಅಂತ ತಿಳಿಯೋದು? ಗೂಟದಿಂದ ನೀರಿಗಿರುವ ದೂರವೂ ಈಗ ಒಂದು ಸಾಲು.

ಹುಲ್ಲು ಚೌಕದ ಎಷ್ಟು ಭಾಗ ಮುಚ್ಚಿದೆ ಅನ್ನೋದು ಕಣ್ಣಂದಾಜಿಗೆ ಬಗ್ಗೋ ಲೆಕ್ಕ ಅಲ್ಲ. ನಾಲ್ಕನೇ ಚೌಕಕ್ಕೆ ನಾನು ನೂರಕ್ಕೆ 40 ಅಂದೆ, ಜೊತೆಗೆ ಬಂದಿದ್ದ ತಂಗಿ 65 ಅಂದಳು. ಅದಕ್ಕೇ ಚೌಕಟ್ಟಿಗೆ ಹತ್ತು ಸೆಂಟಿಮೀಟರಿಗೊಂದರಂತೆ ಅಡ್ಡಡ್ಡ, ಉದ್ದುದ್ದ ದಾರ ಕಟ್ಟಿದೆ. ನೂರು ಪುಟ್ಟ ಮನೆಗಳಾದವು, ಒಂದು ಮನೆ ಅಂದರೆ ನೂರಕ್ಕೆ ಒಂದು. ಮತ್ತೆ ಬೇರೆ ಬೇರೆ ಎಣಿಸಿದೆವು: 51, 54. ಇಬ್ಬರೂ ಸೋತಿದ್ದೆವು.

ಮಣ್ಣಿನ ಪರೀಕ್ಷೆ ಸುಲಭದ್ದು. ಒಂದು ಹಿಡಿ ಮಣ್ಣು, ಗಾಜಿನ ಬಾಟಲಿ, ನೀರು. ಚೆನ್ನಾಗಿ ಕುಲುಕಿ ಇಟ್ಟರೆ ಮರಳು ನಿಮಿಷದೊಳಗೆ ತಳ ಸೇರುತ್ತದೆ, ಹೂಳಿಗೆ ಗಂಟೆಗಳು ಬೇಕು, ಜೇಡಿ ಮರುದಿನವೂ ತೇಲುತ್ತಿರುತ್ತದೆ. ಮೊದಲ ಚೌಕದ ಬಾಟಲಿ ಇನ್ನೂ ಕದಡಿಕೊಂಡೇ ಇದೆ. ಆರನೆಯದು ಆಗಲೇ ತಿಳಿಯಾಗಿದೆ.

ಈ ವಾರದ ಖುಷಿ ಜೊಂಡಿನ ಕಡ್ಡಿಯ ಮೇಲಿತ್ತು. ಏರೋಪ್ಲೇನ್ ಚಿಟ್ಟೆ ಕಳಚಿಟ್ಟ ಪೊರೆ, ಒಂದಲ್ಲ, ಏಳು! ಬೆನ್ನು ಸೀಳಿತ್ತು, ಸೀಳಿನಿಂದ ಬಿಳಿ ಎಳೆಗಳು ಹೊರಗೆ ಚಾಚಿದ್ದವು. ಮರಿ ಇದ್ದಾಗ ಅದು ಉಸಿರಾಡುತ್ತಿದ್ದ ನಾಳಗಳ ಒಳಪೊರೆಯಂತೆ ಅವು. ಹೋದ ವಾರ "ಹಾರುತ್ತಿದ್ದದ್ದು 12" ಅಂತ ಹೆಮ್ಮೆಯಿಂದ ಬರೆದಿದ್ದೆ. ಆದರೆ ಗಂಡುಗಳು ತಮ್ಮ ಜಾಗವನ್ನು ಕಾಯುತ್ತಾ ಸುತ್ತು ಹೊಡೆಯುತ್ತವೆ, ಮೂರನ್ನೇ ನಾಲ್ಕು ಸಲ ಎಣಿಸಿದ್ದರೂ ಇರಬಹುದು. ಹಾರುವುದು ಎಲ್ಲಿಂದಲಾದರೂ ಬಂದೀತು. ಪೊರೆ ಹಾಗಲ್ಲ, ಮರಿ ಈ ನೀರಿನಲ್ಲೇ ಬೆಳೆದು ಮೇಲೆ ಬಂದಿದೆ ಅನ್ನೋದಕ್ಕೆ ಅದೇ ಗುರುತು. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು, ಏಳನ್ನೂ ಡಬ್ಬಿಗೆ ಹಾಕಿಕೊಂಡೆ. ಅಲ್ಲೇ ಬಿಟ್ಟಿದ್ದರೆ ಮುಂದಿನ ವಾರ ಮತ್ತೆ ಅವನ್ನೇ ಎಣಿಸುತ್ತಿದ್ದೆ.

ಎಲ್ಲ ಬರೆದು ಮುಗಿಸಿದ ಮೇಲೆ ಒಂದು ತಮಾಷೆ ಕಣ್ಣಿಗೆ ಬಿತ್ತು. ಈ ವಾರ ಗೊದಮೊಟ್ಟೆ: ಎಣಿಸಲಾರದಷ್ಟು. ಅದರ ಕೆಳಗಿನ ಸಾಲು, ಕಪ್ಪೆ: 0. ನಾಲ್ಕನೇ ವಾರದಿಂದ ಸತತ ಐದು ಸೊನ್ನೆ! ಮರಿಗಳೇನು ಆಕಾಶದಿಂದ ಉದುರಿದವಾ? ಕಪ್ಪೆ ವಟಗುಟ್ಟುವ ಹೊತ್ತಿಗೆ ನಾನು ಮನೆಯಲ್ಲಿ ಮಲಗಿರುತ್ತೇನೆ, ಅಷ್ಟೇ. ಐದೂ ಸೊನ್ನೆಗಳ ಪಕ್ಕ "ಬೆಳಿಗ್ಗೆ 7" ಅಂತ ಬರೆದೆ. ಬುಧವಾರ ರಾತ್ರಿ ಟಾರ್ಚ್ ಹಿಡಿದು ಹೋಗುತ್ತಿದ್ದೇನೆ, ಚೌಕಕ್ಕೆ ಅದೇ ಹತ್ತು ನಿಮಿಷ.