ನೀರಗಂಟಿ ತಾತನ ಹಿಂದೆ

2020ರ ಮಾರ್ಚಲ್ಲಿ ಲಾಕ್‌ಡೌನ್ ಅಂದಾಗ ಬೆಂಗಳೂರಿನ ರೂಮ್ ಬಿಟ್ಟು ಲ್ಯಾಪ್‌ಟಾಪ್ ಎತ್ಕೊಂಡು ಕೋಲಾರದ ಹತ್ರ ಇರೋ ನಮ್ಮೂರಿಗೆ ಬಂದ್ಬಿಟ್ಟೆ. ಹಗಲೆಲ್ಲಾ ಆಫೀಸ್ ಕೆಲ್ಸ, ರಾತ್ರಿ ಮೊಬೈಲಲ್ಲಿ ಸಾವಿನ ಲೆಕ್ಕ, ಕಾಡ್ಗಿಚ್ಚು, ಬರ ಅಂತ ಓದ್ತಾ ಬಿದ್ಕೊಂಡಿರ್ತಿದ್ದೆ, ನಿದ್ದೇನೇ ಹತ್ತಾ ಇರ್ಲಿಲ್ಲ. ಲೋಕ ಹಿಂಗಾಗಿರೋವಾಗ ನಾನಿದ್ದು ಏನ್ ಪ್ರಯೋಜನ ಅಂತ ಎದೆ ಭಾರ ಆಗೋದು.

ಬೆಳಿಗ್ಗೆ ಕೆರೆ ಏರಿ ಮೇಲೆ ನಡೆಯೋಕೆ ಹೋದ್ರೆ ಅಲ್ಲೊಬ್ರು ತಾತ ಸಿಗೋರು, ಊರಿನ ಹಳೇ ನೀರಗಂಟಿ, ಅಂದ್ರೆ ಕೆರೆ ನೀರು ಹಂಚೋರು. ಕೆರೆ ತುಂಬಿ ಹದಿನೈದು ವರ್ಷ ಆಗಿತ್ತು, ಅಂಗಳದ ತುಂಬಾ ಜಾಲಿ, ಆದ್ರೂ ತಾತ ಕೆರೆಯಿಂದ ನೀರು ಬಿಡೋ ತೂಬಿನ ಕಲ್ಲಿನ ಸಂದೀಲಿ ಬೆಳೆದ ಗಿಡಾನ ಕುಡುಗೋಲಿನ ತುದೀಲಿ ಒಂದೊಂದೇ ಕೀಳೋರು. ನೀರೇ ಇಲ್ವಲ್ಲ ತಾತ ಅಂದೆ. "ಬಂದ್ಮೇಲೆ ಕೀಳಾಕ್ಕಾಗ್ತದೇನಪ್ಪ?" ಅಂದ್ರು.

ಆ ಮಾತು ನನ್ನ ಬಿಡ್ಲೇ ಇಲ್ಲ.

ನಮ್ಮ ಕಡೆ ವರ್ಷಪೂರ್ತಿ ಹರಿಯೋ ಹೊಳೆ ಇಲ್ಲ, ಕೆರೇನೇ ಜೀವ. ತೂಬು ಎತ್ತೋದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡ್ಕೊಳ್ಳೋದು ನೀರಗಂಟಿ ಕೆಲ್ಸ, ಸುಗ್ಗೀಲಿ ಕಣದಿಂದ ಒಂದಿಷ್ಟು ರಾಗಿ ಭತ್ತ ಕೊಡ್ತಿದ್ರು. ಬೋರ್‌ವೆಲ್ ಬಂದ್ಮೇಲೆ ಅವರವರ ಮೋಟರ್ ಅವರವರ ಸ್ವಿಚ್ ಆಯ್ತು, ಕಾಲುವೆ ಯಾರಿಗೂ ಬೇಡ್ವಾಯ್ತು. ಈಗ ಸಾವಿರ ಅಡಿ ದಾಟಿದ್ರೂ ನೀರು ಗ್ಯಾರಂಟಿ ಇಲ್ಲ, ಸಿಕ್ಕಿದ್ರೂ ಫ್ಲೋರೈಡ್. ಬೆಂಗಳೂರಲ್ಲಿ ಶುದ್ಧೀಕರಿಸಿದ ಚರಂಡಿ ನೀರು ಕೆ.ಸಿ. ವ್ಯಾಲಿ ಯೋಜನೇಲಿ 2018ರಿಂದ ಜಿಲ್ಲೆಯ ಕೆರೆಗಳಿಗೆ ಬರ್ತಿದೆ, ನಮ್ಮ ಕೆರೆ ಆ ಸಾಲಲ್ಲಿಲ್ಲ.

ಹಾಗಂತ ಹಳೇದೆಲ್ಲಾ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಊರಿಗೆಲ್ಲಾ ನೀರು ಹಂಚಿದ ತಾತನ ಕೈಗೆ ಊರ ಬಾವಿ ಹಗ್ಗ ಮುಟ್ಟೋಕೆ ಬಿಡ್ತಿರ್ಲಿಲ್ಲ, ಇದನ್ನ ಅವ್ರೇ ಹೇಳಿದ್ರು, ದನಿ ಏರಿಸ್ದೆ. ಕೆರೆ ಜೊತೆ ಇದೂ ಸರಿ ಹೋಗ್ಬೇಕು ಅಂತ ಅವತ್ತೇ ಅನ್ಸಿತ್ತು.

ಎಂಟು ಜನ ಸೇರಿ ಭಾನುವಾರ ಭಾನುವಾರ ಕೆರೆಗೆ ಮಳೆನೀರು ತರೋ ಕಾಲುವೆ ಕ್ಲೀನ್ ಮಾಡೋಕೆ ಶುರು ಮಾಡಿದ್ವಿ. ಸಲಿಕೆ ಹಿಡಿದು ಅಂಗೈ ಬೊಬ್ಬೆ ಬಂತು, ಅದಕ್ಕಿಂತ ಕಷ್ಟ ಆಗಿದ್ದು ನಮ್ಮ ದೊಡ್ಡಪ್ಪನ್ನ ಒಪ್ಸೋದು. ಅರ್ಧ ಕಾಲುವೆ ಅವರ ಹೊಲದೊಳಗೇ ಸೇರ್ಕೊಂಡಿತ್ತು. ಮೂರು ತಿಂಗ್ಳು ಮಾತೇ ಬಿಟ್ಟಿದ್ರು, ಆಮೇಲೆ ಒಂದಿನ ಅವ್ರೇ ಬಂದು ಬದು ಹಿಂದಕ್ಕೆ ಹಾಕಿಸ್ಕೊಟ್ರು. 2021ರ ನವೆಂಬರ್ ಮಳೆಗೆ ಕೆರೆ ಕೋಡಿ ಬಿತ್ತು. ಮಳೆ ತರ್ಸಿದ್ದು ನಾವಲ್ಲ, ಆದ್ರೆ ಬಂದ ನೀರು ರೋಡಿಗೆ ಹರಿದು ಹೋಗ್ದೆ ಕೆರೆಗೇ ಬಂತು. ಗಂಗಮ್ಮನ ಪೂಜೆಗೆ ಮೊದಲ ಬಾಗಿನ ತಾತನ ಕೈಲೇ ಬಿಡ್ಸಿದ್ವಿ.

2023ರಲ್ಲಿ ರಾಜ್ಯದ 236 ತಾಲ್ಲೂಕಲ್ಲಿ 223 ಬರ ಅಂತ ಘೋಷಣೆ ಆಯ್ತು, ಮುಂದಿನ ಬೇಸಿಗೇಲಿ ಬೆಂಗಳೂರಲ್ಲೂ ಟ್ಯಾಂಕರ್‌ಗೆ ಪರದಾಟ. ಭಯ ಈಗ್ಲೂ ಆಗುತ್ತೆ, ಆದ್ರೆ ರಾತ್ರಿ ಎದ್ದು ಕೂರಲ್ಲ, ಭಾನುವಾರ ಬಂದ್ರೆ ಏನ್ ಮಾಡ್ಬೇಕು ಅಂತ ಗೊತ್ತಿರುತ್ತೆ.

ನೀರಗಂಟಿಗೆ ತಿಂಗಳ ಸಂಬಳ ಇರ್ಬೇಕು, ಯಾವ ಕೇರಿಯೋರಾದ್ರೂ ಆಗ್ಬಹುದು ಅಂತ ಊರ ಮೀಟಿಂಗಲ್ಲಿ ತೀರ್ಮಾನ ಆಗಿದೆ. ಈಗ ಆ ಕೆಲ್ಸ ಒಬ್ಬ ಹುಡುಗಿ ಮಾಡ್ತಿದ್ದಾಳೆ, ತಾತನೇ ಕಲ್ಸಿದ್ದು. ಮೊನ್ನೆ ದೊಡ್ಡಪ್ಪನ ಸರದಿ ಮುಗೀತು ಅಂತ ನೀರು ನಿಲ್ಸಿದ್ಳು. "ಇನ್ನೊಂದರ್ಧ ಗಂಟೆ ಬಿಡಮ್ಮ" ಅಂದ್ರು ದೊಡ್ಡಪ್ಪ. ಅವಳು ನೋಟ್‌ಬುಕ್ ತೆಗ್ದು ಟೈಮ್ ತೋರ್ಸಿದ್ಳು, ಅವ್ರು ಕನ್ನಡಕ ಹಾಕ್ಕೊಂಡು ಓದಿ, ಸರಿ ಅಂತ ಸಲಿಕೆ ಹೆಗಲಿಗೇರಿಸ್ಕೊಂಡು ಹೊರಟ್ರು.