ಮೊಡವೆಯೂ ಇದೆ, ಮುಖವೂ ಒಣಗುತ್ತೆ: ಯಾವ ಕ್ರೀಮ್ ಹಚ್ಚೋದು?

ನನಗೀಗ 36 ವರ್ಷ. ಗದ್ದದ ಮೇಲೆ ಈಗಲೂ ಮೊಡವೆ ಏಳುತ್ತವೆ. ಅದೇ ಮುಖದಲ್ಲಿ ಮೂಗಿನ ಪಕ್ಕ, ಬಾಯಿಯ ಸುತ್ತ ಹೊಟ್ಟು ಏಳುತ್ತದೆ. ಮುಖ ತೊಳೆದು ಟವೆಲ್ ಒತ್ತಿಕೊಂಡ ಎರಡೇ ನಿಮಿಷಕ್ಕೆ ಚರ್ಮ ಬಿಗಿದುಕೊಂಡು, ನಕ್ಕರೆ ಎಳೆದ ಹಾಗಾಗುತ್ತದೆ. ಹೊಸದೇನಾದರೂ ಹಚ್ಚಿದರೆ ಕೆನ್ನೆ ಉರಿಯುತ್ತದೆ. ಇದು ಮೂರೂ ಒಟ್ಟಿಗೆ ಇರುವವರು ನನ್ನ ಗೆಳತಿಯರಲ್ಲೇ ನಾಲ್ಕು ಜನ ಇದ್ದಾರೆ. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, ಏನು ಹಚ್ಚಲಿ ಅಂತ. ಫೋನಿನಲ್ಲಿ ಎಷ್ಟು ಸಲ ಹೇಳಿದರೂ ಅರ್ಧ ಬಿಟ್ಟು ಹೋಗುತ್ತದೆ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು ತಿಳುವಳಿಕೆ ಬಿಡಬೇಕು. ಮೊಡವೆ ಅಂದರೆ ಜಿಡ್ಡು ಮುಖ ಅಂತ ನಮ್ಮ ತಲೆಯಲ್ಲಿ ಕೂತಿದೆ. ಹದಿನಾರು ವರ್ಷದಲ್ಲಿ ಅದು ನಿಜ ಇರಬಹುದು. ಆದರೆ ಮೂವತ್ತು ದಾಟಿದ ಮೇಲೆ ಹಾರ್ಮೋನ್ ಏರುಪೇರಿಗೆ ಗದ್ದ, ದವಡೆ ಅಂಚಿನಲ್ಲಿ ಮೊಡವೆ ಬರುತ್ತವೆ, ಮುಖದ ಉಳಿದ ಭಾಗ ಒಣಗಿಯೇ ಇರಬಹುದು. ಇದು ಗೊತ್ತಿಲ್ಲದೆ ನಾನು ವರ್ಷಗಟ್ಟಲೆ, ಜಿಡ್ಡು ಹೋಗಲಿ ಅಂತ, ನೊರೆ ನೊರೆ ಬರುವ ಸೋಪಿನಲ್ಲಿ ದಿನಕ್ಕೆ ಮೂರು ಸಲ ಮುಖ ಉಜ್ಜಿದೆ, ಮೇಲೆ ಕಡಲೆಹಿಟ್ಟು ನಿಂಬೆಹಣ್ಣು ಬೇರೆ. ಮೊಡವೆ ಕಡಿಮೆ ಆಗಲಿಲ್ಲ. ಚರ್ಮ ಮಾತ್ರ ಕೆಂಪಾಯಿತು.

ಯಾಕೆ ಅಂತ ಆಮೇಲೆ ಗೊತ್ತಾಯಿತು. ಚರ್ಮದ ಮೇಲ್ಪದರ ಇಟ್ಟಿಗೆ ಗೋಡೆಯ ಹಾಗೆ. ಇಟ್ಟಿಗೆಗಳ ನಡುವೆ ಇರುವ ಗಾರೆ ಅಂದರೆ ಸೆರಮೈಡ್, ಕೊಲೆಸ್ಟ್ರಾಲ್, ಕೊಬ್ಬಿನ ಆಮ್ಲಗಳು. ಆ ಗಾರೆ ಉದುರಿದರೆ ಒಳಗಿನ ನೀರು ಹೊರಗೆ ಹೋಗುತ್ತದೆ, ಹೊರಗಿನದು ಒಳಗೆ ಬಂದು ಉರಿಸುತ್ತದೆ. ಚರ್ಮದ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಸುಮಾರು 5. ಮಾಮೂಲಿ ಸೋಪಿನದು 9ರಿಂದ 10. ನಿಂಬೆರಸ ಹತ್ತಿರ ಹತ್ತಿರ 2. ಈ ಎರಡು ತುದಿಗಳ ನಡುವೆ ನಾನು ಮುಖವನ್ನು ದಿನಾ ಎಳೆದಾಡುತ್ತಿದ್ದೆ. ಇದರ ಮೇಲೆ ಬೆಂಗಳೂರಿನ ನಮ್ಮ ಮನೆಯ ಬೋರ್‌ವೆಲ್ ನೀರು. ನಲ್ಲಿಯ ಬಾಯಿಗೆ ಸುಣ್ಣದ ಹಾಗೆ ಬಿಳಿ ಕಟ್ಟುತ್ತದೆ, ನೀವೂ ನೋಡಿರುತ್ತೀರಿ ಅಲ್ವಾ? ಅಂಥ ಗಡಸು ನೀರಿನಲ್ಲಿ ಸೋಪು ಪೂರ್ತಿ ಹೋಗುವುದಿಲ್ಲ, ಒಂದು ಪದರ ಚರ್ಮದ ಮೇಲೆ ಉಳಿದುಬಿಡುತ್ತದೆ.

ಚರ್ಮದ ಡಾಕ್ಟರು ಮೊದಲು ಮಾಡಿಸಿದ ಕೆಲಸ ಎಲ್ಲವನ್ನೂ ನಿಲ್ಲಿಸಿದ್ದು. ಎರಡು ವಾರ ಬರೀ ಸೋಪಿಲ್ಲದ ಮೃದುವಾದ ಕ್ಲೆನ್ಸರ್, ಅದೂ ರಾತ್ರಿ ಒಂದೇ ಸಲ, ಮತ್ತೆ ಒಂದು ಸಾದಾ ಮಾಯಿಶ್ಚರೈಸರ್. ಬೆಳಿಗ್ಗೆ ಬರೀ ನೀರು. "ಗೋಡೆ ಸರಿಯಾಗಲಿ, ಆಮೇಲೆ ಮೊಡವೆ ನೋಡೋಣ" ಅಂದರು.

ಆ ಸಾದಾ ಮಾಯಿಶ್ಚರೈಸರ್ ಹುಡುಕುವುದೇ ದೊಡ್ಡ ಕೆಲಸ ಆಯಿತು. ಮೆಡಿಕಲ್ ಶಾಪಿನಲ್ಲಿ ನಿಂತು ಡಬ್ಬಿ ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ಕಾಣದೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದುತ್ತಿದ್ದೆ. ಈಗ ಅದೇ ರೂಢಿ. ಮುಂದುಗಡೆ ಬರೆದಿದ್ದನ್ನು ನಾನು ಓದುವುದೇ ಇಲ್ಲ. ನ್ಯಾಚುರಲ್ ಅನ್ನುವುದು ಏನೂ ಹೇಳುವುದಿಲ್ಲ. ನಾನ್ ಕೊಮೆಡೊಜೆನಿಕ್, ಅಂದರೆ ರಂಧ್ರ ಮುಚ್ಚುವುದಿಲ್ಲ ಅನ್ನುವ ಮಾತಿಗೂ ಎಲ್ಲರೂ ಪಾಸಾಗಲೇಬೇಕಾದ ಒಂದು ಪರೀಕ್ಷೆ ಅಂತಿಲ್ಲ. ಯಾವ ವಸ್ತು ಎಷ್ಟು ರಂಧ್ರ ಮುಚ್ಚುತ್ತದೆ ಅಂತ ಇಂಟರ್ನೆಟ್ಟಿನಲ್ಲಿ ಓಡಾಡುವ ಸೊನ್ನೆಯಿಂದ ಐದರವರೆಗಿನ ಅಂಕಗಳು ಬಹುಪಾಲು ಹಿಂದೆ ಮೊಲದ ಕಿವಿಯ ಮೇಲೆ ಒಂದೊಂದೇ ವಸ್ತು ಹಚ್ಚಿ ನೋಡಿದ್ದು. ಕ್ರೀಮಿನೊಳಗೆ ಅದೇ ವಸ್ತು ಸ್ವಲ್ಪ ಇದ್ದರೆ ಮನುಷ್ಯನ ಮುಖದಲ್ಲಿ ಬೇರೆ ಥರ ಇರಬಹುದು. ಆ ಮಾತು ಡಬ್ಬಿ ಮೇಲೆ ಇದ್ದರೆ ಒಳ್ಳೆಯದೇ, ಅದೊಂದನ್ನೇ ನಂಬಿ ತಗೋಬೇಡಿ.

ಹಿಂದಿನ ಪಟ್ಟಿ ನಿಜ ಹೇಳುತ್ತದೆ. ಯಾವುದು ಜಾಸ್ತಿ ಇದೆಯೋ ಅದು ಮೊದಲು ಬರುತ್ತದೆ, ಶೇಕಡಾ 1ಕ್ಕಿಂತ ಕಡಿಮೆ ಇರುವವು ಮಾತ್ರ ಕೊನೆಯಲ್ಲಿ ಹೇಗೆ ಬೇಕಾದರೂ ಇರಬಹುದು. ನಾನು ಮೊದಲ ಆರೇಳು ಹೆಸರು ನೋಡುತ್ತೇನೆ. ಗ್ಲಿಸರಿನ್ ಇರಬೇಕು. ನೀರು ಹಿಡಿದಿಡುವುದರಲ್ಲಿ ಅಷ್ಟು ಅಗ್ಗದ, ಅಷ್ಟು ನಂಬಿಕಸ್ಥ ವಸ್ತು ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಜೊತೆಗೆ ಸೆರಮೈಡ್ ಅಥವಾ ಸ್ಕ್ವಾಲೇನ್ ಅನ್ನುವ ಹಗುರ ಎಣ್ಣೆ ಇದ್ದರೆ ಖುಷಿ. ಡೈಮೆಥಿಕೋನ್ ಅಂತ ಇದ್ದರೆ ತುಂಬಾ ಜನ ಹೆದರುತ್ತಾರೆ, ಸಿಲಿಕೋನ್ ರಂಧ್ರ ಮುಚ್ಚಿಬಿಡುತ್ತೆ ಅಂತ. ಹಾಗೇನಿಲ್ಲ. ನೀರು ಆರದ ಹಾಗೆ ಮೇಲೆ ತೆಳ್ಳಗೆ ಕೂರುತ್ತದೆ, ಅಷ್ಟೇ.

ಫ್ರಾಗ್ರೆನ್ಸ್ ಅಥವಾ ಪರ್ಫ್ಯೂಮ್ ಅಂತ ಕಂಡರೆ ಅಲ್ಲೇ ವಾಪಸ್ ಇಡುತ್ತೇನೆ. ಲಿಮೊನೀನ್, ಲಿನಲೂಲ್, ಲ್ಯಾವೆಂಡರ್ ಎಣ್ಣೆ, ಕಿತ್ತಳೆ ಸಿಪ್ಪೆಯ ಎಣ್ಣೆ ಇವೂ ಪರಿಮಳವೇ, ಗಿಡದಿಂದ ಬಂದವು ಅಂತ ನನ್ನ ಕೆನ್ನೆ ಉರಿಯದೆ ಇರುವುದಿಲ್ಲ. ಇನ್ನೊಂದು ವಿಷಯ. ಅನ್‌ಸೆಂಟೆಡ್ ಬೇರೆ, ಫ್ರಾಗ್ರೆನ್ಸ್ ಫ್ರೀ ಬೇರೆ. ಮೊದಲನೆಯದರಲ್ಲಿ ಮೂಲ ವಾಸನೆ ಅಡಗಿಸಲು ಇನ್ನೊಂದು ಪರಿಮಳ ಹಾಕಿರಬಹುದು. ನಿಯಾಸಿನಮೈಡ್, ಅಂದರೆ ವಿಟಮಿನ್ ಬಿ3ಯ ಒಂದು ರೂಪ, ಒಳ್ಳೆಯದೇ, ಆದರೆ ಶೇಕಡಾ 10 ಇದ್ದದ್ದು ನನಗೆ ಉರಿಯಿತು, 4 ಇರುವುದು ಏನೂ ಮಾಡಲಿಲ್ಲ. ಒಣ ಚರ್ಮ ಮೆತ್ತಗಾಗಲು ಕ್ರೀಮಿಗೆ ಹಾಕುವ ಯೂರಿಯಾ ಹಿಮ್ಮಡಿಗೆ ಚಿನ್ನದಂಥದ್ದು. ಬಿರುಕು ಬಿಟ್ಟ ಮುಖಕ್ಕೆ ಹೆಚ್ಚು ಪ್ರಮಾಣದ್ದು ಬೇಡ.

ಎಣ್ಣೆಯ ವಿಷಯಕ್ಕೆ ಬಂದರೆ ಅಮ್ಮನ ನೆನಪಾಗುತ್ತದೆ. ಸಂಕ್ರಾಂತಿಗೆ ದಾವಣಗೆರೆಯಿಂದ ಬಂದವರು ಬಾಗಿಲಲ್ಲೇ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. "ಮುಖ ನೋಡು, ಹೆಂಗೆ ಬಿಳಿಚಿಕೊಂಡೈತೆ. ಒಂಚೂರು ಕೊಬ್ಬರಿ ಎಣ್ಣೆ ಹಚ್ಕೊಳ್ಳೇ." ಅಮ್ಮನ ಕೈಕಾಲು ಅರವತ್ತೈದರಲ್ಲೂ ಮಿರಿಮಿರಿ ಅನ್ನುತ್ತವೆ, ಅದು ಆ ಎಣ್ಣೆಯದೇ ಕೆಲಸ, ನಾನು ಅಲ್ಲ ಅನ್ನುವುದಿಲ್ಲ. ಒಣ ಮೈಗೆ ಕೊಬ್ಬರಿ ಎಣ್ಣೆ ಒಳ್ಳೆಯದು. ಮೊಡವೆ ಏಳುವ ಮುಖಕ್ಕೆ ಅಲ್ಲ. ಆಲಿವ್ ಎಣ್ಣೆಯಂತೂ ಬೇಡವೇ ಬೇಡ, ಅದರಲ್ಲಿ ಜಾಸ್ತಿ ಇರುವ ಓಲಿಯಿಕ್ ಆಮ್ಲ ಆ ಗಾರೆಯನ್ನೇ ಸಡಿಲ ಮಾಡುತ್ತದೆ. ಅಮ್ಮನಿಗೆ, ಕೈಕಾಲಿಗೆ ಹಚ್ಕೊತೀನಿ, ಮುಖಕ್ಕೆ ಬೇಡ ಅಂದೆ. ಒಪ್ಪಿದರು. ಆದರೆ ಅವರು ಪ್ರೀತಿಯಿಂದ ತಲೆಗೆ ಎಣ್ಣೆ ತಟ್ಟಿದ ವಾರ ನನ್ನ ಹಣೆಯ ಅಂಚಿನ ತುಂಬಾ ಸಣ್ಣ ಗುಳ್ಳೆ ಬಂದವು. ತಲೆಯಿಂದ ಇಳಿದ ಎಣ್ಣೆ, ದಿಂಬಿನ ಕವರಿಗೆ ಅಂಟಿ ಮತ್ತೆ ಕೆನ್ನೆಗೆ ತಾಗಿದ ಎಣ್ಣೆ, ಎರಡೂ ಲೆಕ್ಕಕ್ಕೆ ಬರುತ್ತವೆ. ಈಗ ಎಣ್ಣೆ ಹಚ್ಚಿಸಿಕೊಂಡರೆ ಗಂಟೆಯೊಳಗೆ ತೊಳೆದುಬಿಡುತ್ತೇನೆ.

ಇನ್ನೊಂದನ್ನು ಜೋರಾಗಿ ಹೇಳಬೇಕು. ಮೆಡಿಕಲ್ ಶಾಪಿನಲ್ಲಿ "ಮೊಡವೆಗೂ ಕಲೆಗೂ ಒಂದೇ ಟ್ಯೂಬು" ಅಂತ ಕೊಡುವ ಕ್ರೀಮುಗಳನ್ನು ಮುಟ್ಟಬೇಡಿ. ಬೀಟಾಮೆಥಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ನನ್ನ ಗೆಳತಿಯೊಬ್ಬಳು ಹೀಗೆ ತಂದು ಹಚ್ಚಿದಳು. ವಾರದಲ್ಲಿ ಮುಖ ಬೆಳ್ಳಗೆ, ನುಣ್ಣಗೆ. ಮೂರು ತಿಂಗಳಾದ ಮೇಲೆ ನಿಲ್ಲಿಸಿದಾಗ ಮುಖ ಬೆಂಕಿ ಬಿದ್ದ ಹಾಗೆ ಕೆಂಪು, ಮೊಡವೆ ಮೊದಲಿಗಿಂತ ಎರಡು ಪಟ್ಟು, ಕೆನ್ನೆಯಲ್ಲಿ ಎಳೆ ಎಳೆಯಾಗಿ ರಕ್ತನಾಳ ಕಾಣುತ್ತಿತ್ತು. ಅವಳು ಬಿಸಿಲಿಗೆ ಬರಲು ಅಳುತ್ತಿದ್ದಳು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಕ್ರೀಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ಆದರೂ ಸುಮ್ನೆ ಕೇಳಿದರೆ ಕೊಡುವವರು ಇದ್ದಾರೆ.

ಹೊಸ ಕ್ರೀಮ್ ತಂದರೆ ನಾನು ಮಾಡುವುದು ಹೀಗೆ. ಇದ್ದದ್ದರಲ್ಲಿ ಚಿಕ್ಕ ಟ್ಯೂಬು ತರುತ್ತೇನೆ. ಅಗಲ ಬಾಯಿಯ ಡಬ್ಬಿ ಬೇಡ, ಬೆರಳು ಅದ್ದಿ ಅದ್ದಿ ಗಲೀಜಾಗುತ್ತದೆ. ಕಿವಿಯ ಕೆಳಗೆ ದವಡೆ ಹತ್ತಿರ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಒಂದು ವಾರ ರಾತ್ರಿ ಹಚ್ಚುತ್ತೇನೆ. ಉರಿ ಆದರೆ ಬೇಗ ಗೊತ್ತಾಗುತ್ತದೆ, ಅಲರ್ಜಿಗೆ ಎರಡು ಮೂರು ದಿನ ಬೇಕು. ಮೊಡವೆ ಬರುತ್ತದೋ ಇಲ್ಲವೋ ತಿಳಿಯಲು ಮಾತ್ರ ಇಡೀ ಮುಖಕ್ಕೆ ಹಚ್ಚಿ ನಾಲ್ಕಾರು ವಾರ ಕಾಯಲೇಬೇಕು. ಅಷ್ಟು ದಿನ ಬೇರೆ ಯಾವುದನ್ನೂ ಬದಲಾಯಿಸಬಾರದು. ಅಡುಗೆಮನೆ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಹೊಸ ಮೊಡವೆ ಎದ್ದ ದಿನ ಕೆಂಪು ಚುಕ್ಕಿ ಇಡುತ್ತೇನೆ. ಮೂರು ತಿಂಗಳು ಇಟ್ಟ ಮೇಲೆ ನೋಡಿದರೆ ಚುಕ್ಕಿಗಳೆಲ್ಲ ಮುಟ್ಟಿನ ಹಿಂದಿನ ವಾರದಲ್ಲೇ ಗುಂಪಾಗಿದ್ದವು. ಕ್ರೀಮಿನ ಮೇಲೆ ಹಾಕುತ್ತಿದ್ದ ಎಷ್ಟೋ ಅಪವಾದ ಅಲ್ಲಿಗೆ ತಪ್ಪಿತು.

ಹಚ್ಚುವ ಹೊತ್ತೂ ಮುಖ್ಯ. ಮುಖ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ಹಚ್ಚಬೇಕು, ಉಜ್ಜಬಾರದು, ಒತ್ತಬೇಕು. ತುಟಿಯ ಮೂಲೆ, ಮೂಗಿನ ಪಕ್ಕ ತೀರಾ ಒಡೆದಿದ್ದರೆ ಮೇಲೊಂದು ತೆಳು ಪೆಟ್ರೋಲಿಯಂ ಜೆಲ್ಲಿ. ಎರಡು ವಾರ ಆದ ಮೇಲೆ ಡಾಕ್ಟರು ಅಡಾಪಲೀನ್ ಅನ್ನುವ ಮೊಡವೆಯ ಔಷಧಿ ಬರೆದುಕೊಟ್ಟರು, ಬಟಾಣಿ ಕಾಳಿನಷ್ಟು, ವಾರಕ್ಕೆ ಎರಡೇ ರಾತ್ರಿ. ಅದನ್ನೂ ಮಾಯಿಶ್ಚರೈಸರ್ ಮೇಲೆಯೇ ಹಚ್ಚುತ್ತೇನೆ, ಹಾಗಾಗಿ ಚರ್ಮ ಸುಲಿಯಲಿಲ್ಲ. ಬಸುರಿಯಾಗಿದ್ದರೆ ಅಥವಾ ಆಗುವ ಯೋಚನೆ ಇದ್ದರೆ ಇದನ್ನು ಡಾಕ್ಟರಿಗೆ ಮೊದಲೇ ಹೇಳಿ. ಮುಟ್ಟು ಏರುಪೇರಾಗಿ ಗದ್ದದಲ್ಲಿ ಕೂದಲೂ ಬರುತ್ತಿದ್ದರೆ, ಇಲ್ಲ ಗಂಟಿನ ಹಾಗೆ ನೋಯುವ ಮೊಡವೆ ಕಲೆ ಬಿಟ್ಟು ಹೋಗುತ್ತಿದ್ದರೆ, ಕ್ರೀಮ್ ಹುಡುಕುತ್ತಾ ದಿನ ಕಳೆಯಬೇಡಿ, ತೋರಿಸಿ. ಹಣೆ ತುಂಬಾ ಒಂದೇ ಅಳತೆಯ, ತುರಿಸುವ ಸಣ್ಣ ಗುಳ್ಳೆ ಇದ್ದರೂ ಅಷ್ಟೇ. ಅದು ಮೊಡವೆಯೇ ಅಲ್ಲದಿರಬಹುದು, ಚರ್ಮದ ಮೇಲಿನ ಯೀಸ್ಟ್‌ನಿಂದಲೂ ಹಾಗಾಗುತ್ತದೆ.

ನಾನು ಹಚ್ಚುವುದರ ಹೆಸರು ಬೇಕಂತಲೇ ಬರೆದಿಲ್ಲ. ಜನವರಿಯ ಬೆಂಗಳೂರಿಗೆ ಸರಿಹೋದ ಈ ಗಟ್ಟಿ ಕ್ರೀಮ್ ಮೇ ತಿಂಗಳಲ್ಲಿ ಮಂಗಳೂರಿನ ಅತ್ತೆ ಮನೆಯಲ್ಲಿ ನನಗೇ ಸರಿಹೋಗುವುದಿಲ್ಲ. ಆ ಬೆವರಿನಲ್ಲಿ ಅದು ಮುಖದ ಮೇಲೆ ಕರಗಿ ಕೂರುತ್ತದೆ. ಈ ಸಲ ಹೋಗುವ ಮೊದಲೇ ಹಗುರಾದ ಲೋಷನ್ ಒಂದನ್ನು ಕಿವಿಯ ಕೆಳಗೆ ಹಚ್ಚಿ ನೋಡುತ್ತಿದ್ದೇನೆ. ಇವತ್ತಿಗೆ ನಾಲ್ಕನೇ ರಾತ್ರಿ, ಇನ್ನೂ ಏನೂ ಉರಿದಿಲ್ಲ.